ಕರಾವಳಿಯಲ್ಲಿ ಹಳೆ ಕ್ಯಾಂಪರ್ ವ್ಯಾನ್ ಸಾಕುವುದಾದರೆ: ಓಮ್ನಿಯೋ, ಟ್ರಾವೆಲ್ಲರೋ, ಕೊಂಬಿಯೋ?

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರು ಸುತ್ತುವ ಕ್ಯಾಂಪರ್ ವ್ಯಾನ್ ಮಾಡಿಕೊಳ್ಳಲು ಹಳೆ ಗಾಡಿ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಹೊಗೆಯ ಬಣ್ಣ ಯಾವುದು, ಶಬ್ದ ಹೇಗಿದೆ, ಪಿಕಪ್ ಇದೆಯಾ ಅಂತ ನೋಡುತ್ತಾರೆ. ನಾನು ಮೊದಲು ನೆಲದ ಮ್ಯಾಟ್ ಎತ್ತುತ್ತೇನೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಕೆಳಗೆ ಮಲಗುತ್ತೇನೆ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಗೂಡು, ಸ್ಪ್ರಿಂಗ್ ಪ್ಲೇಟು ಕೂರುವ ಜಾಗ, ಎಲ್ಲ ಕಡೆ ಅದರ ಹಿಡಿಯಿಂದ ಬಡಿಯುತ್ತೇನೆ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಎರಡು ಮೂರು ಕಡೆ ಡಬ್ ಅಂದರೆ ಎಂಜಿನ್ ಸ್ಟಾರ್ಟ್ ಮಾಡಿಸುವ ಕಷ್ಟವನ್ನೂ ಕೊಡುವುದಿಲ್ಲ.

ಉಡುಪಿ, ಮಂಗಳೂರು ಕಡೆ ಹಳೆ ಗಾಡಿಯ ಎಂಜಿನ್ ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಿಸಬಹುದು. ಮೈ ಕರಗಿದರೆ ಮುಗಿಯಿತು. ನನ್ನ ಟೆಂಪೋ ಟ್ರಾವೆಲ್ಲರ್ 1996ರದ್ದು. 2007ರಲ್ಲಿ ಕೊಂಡು ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿದೆ. ಅಂದಿನಿಂದ ಕಲಿತದ್ದೆಲ್ಲ ಸುತ್ತಿ ಬಳಸಿ ಈ ಒಂದೇ ಮಾತಿಗೆ ಬರುತ್ತದೆ. ವ್ಯಾನ್ ಆರಿಸುವಾಗ, ಛಾವಣಿ ಮಾಡಿಸುವಾಗ, ಶೆಡ್ ಕಟ್ಟಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನೀರು ಎಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ?

ಉಪ್ಪಿನ ಭರಣಿಯ ಲೆಕ್ಕ

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ತುಕ್ಕು ಹಿಡಿದಾಗ ಎಲ್ಲರೂ ಮಳೆಗೇ ಬೈಯುತ್ತಾರೆ. ನಿಜ ಹೇಳಬೇಕೆಂದರೆ ಮಳೆ ಸ್ವಲ್ಪ ಉಪಕಾರವನ್ನೂ ಮಾಡುತ್ತದೆ. ಹೊರಮೈಯ ಉಪ್ಪನ್ನು ತೊಳೆದು ಹಾಕುತ್ತದೆ. ಮಳೆ ಮುಟ್ಟದ ಮೂಲೆಗಳಲ್ಲಿ ಉಪ್ಪು ಕೂತಲ್ಲೇ ಕೂತಿರುತ್ತದೆ.

ತುಳುವರ ಆಟಿ ತಿಂಗಳ ಮಳೆಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಿ ಅಲ್ವಾ? ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಗಾಡಿಯ ತಗಡಿನ ಸಂದಿಯಲ್ಲಿ ಕೂತ ಉಪ್ಪೂ ಹಾಗೇ. ಹನಿ ಮಳೆ ಬೀಳದಿದ್ದರೂ ತಗಡು ರಾತ್ರಿಯಿಡೀ ಒದ್ದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಷ್ಟು ಚಂದದ ಜಾಗ! ಅಲ್ಲಿ ಗಾಡಿ ನಿಲ್ಲಿಸಿ ಒಂದು ರಾತ್ರಿ ಮಲಗಿ ಬಂದರೆ, ಮಾರನೇ ದಿನವೇ ಬಾವಿ ನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಯುತ್ತೇನೆ. ಮೇಲ್ಭಾಗ ಎರಡು ದಿನ ಕಾದರೂ ಪರವಾಗಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆಗೆ ಕಂಪನಿ, ಮಾಡೆಲ್‌ಗಳ ಗೊಡವೆಯೇ ಇಲ್ಲ. ಗಾಡಿಯನ್ನು ಘಟ್ಟದ ಮೇಲಿಂದ ತನ್ನಿ. ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ವ್ಯಾನ್ ಇವೆ ಅಂದುಕೊಳ್ಳಿ. ಕೆಎ 16 ಚಿತ್ರದುರ್ಗದ ಗಾಡಿ ಮೂರು ಲಕ್ಷ ಓಡಿದೆ, ಕೆಎ 20 ಉಡುಪಿಯದ್ದು ಒಂದು ಲಕ್ಷ. ನಾನು ಕಣ್ಣುಮುಚ್ಚಿ ಚಿತ್ರದುರ್ಗದ್ದನ್ನು ಆರಿಸುತ್ತೇನೆ. ಅಲ್ಲಿಯ ಒಣ ಗಾಳಿಯಲ್ಲಿ ಇಪ್ಪತ್ತು ವರ್ಷ ಇದ್ದ ತಗಡು ಇಲ್ಲಿಯ ಎಂಟು ವರ್ಷದ ತಗಡಿಗಿಂತ ಗಟ್ಟಿ ಇರುತ್ತದೆ. ನಂಬರ್ ಪ್ಲೇಟ್ ಒಂದನ್ನೇ ನಂಬಬೇಡಿ. ಚಿತ್ರದುರ್ಗದ ನಂಬರ್ ಇದ್ದೂ ಹತ್ತು ವರ್ಷ ಮಲ್ಪೆಯಲ್ಲಿ ಮೀನು ಹೊತ್ತ ಗಾಡಿ ಇರಬಹುದು. ನೆಲದ ಮೂಲೆಗೆ ಮೂಗು ಹತ್ತಿರ ಹಿಡಿದರೆ ಗೊತ್ತಾಗುತ್ತದೆ.

ಮೂರು ಗಾಡಿಗಳು

ಮಾರುತಿ ಓಮ್ನಿ 1984ರಲ್ಲಿ ಬಂತು, 2019ರಲ್ಲಿ ನಿಂತಿತು. 796 ಸಿಸಿ, ಮೂರು ಸಿಲಿಂಡರ್. ಮಾರುತಿ 800ರದ್ದೂ ಇದೇ ಎಂಜಿನ್ ಕುಟುಂಬ. ಹಾಗಾಗಿ ಸಾಮಾನಿಗೆ ಇನ್ನೂ ತೊಂದರೆ ಇಲ್ಲ. ಕಾರ್ಕಳದಲ್ಲೋ ಬಂಟ್ವಾಳದಲ್ಲೋ ನಿಂತುಹೋದರೂ ಹತ್ತಿರದ ಗ್ಯಾರೇಜಿನಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ. ಒಬ್ಬರಿಗೆ, ಇಲ್ಲವೇ ಹೊಂದಿಕೊಂಡು ಹೋಗುವ ಇಬ್ಬರಿಗೆ ಸಾಕು. ಎತ್ತರದ ಮನುಷ್ಯ ಕಾಲು ಪೂರ್ತಿ ಚಾಚಿ ಮಲಗುವುದು ಕಷ್ಟ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಏಪ್ರಿಲ್ ಮಧ್ಯಾಹ್ನ ಸೀಟು ಕಾದ ಕಾವಲಿಯ ಹಾಗೆ ಆಗುತ್ತದೆ.

ಓಮ್ನಿಯಲ್ಲಿ ತುಕ್ಕು ಮೊದಲು ಕಾಣುವುದು ಜಾರುವ ಬಾಗಿಲಿನ ಹಳಿಯಲ್ಲಿ, ಮುಂದಿನ ಚಕ್ರದ ಗೂಡಿನಲ್ಲಿ, ಛಾವಣಿಯ ಅಂಚಿನ ನೀರು ಹರಿಯುವ ತೋಡಿನಲ್ಲಿ. ಮೂರೂ ಕೈಗೆ ಸಿಗುವ ಜಾಗಗಳು. ಸುರತ್ಕಲ್‌ನಲ್ಲಿರುವ ನನ್ನ ಗೆಳೆಯರೊಬ್ಬರು ಪ್ರತಿ ಭಾನುವಾರ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಆ ಹಳಿ ಉಜ್ಜಿ ಒರೆಸುತ್ತಾರೆ. ಅವರ 1999ರ ಓಮ್ನಿಯ ಬಾಗಿಲು ಇವತ್ತೂ ಒಂದೇ ಬೆರಳಿಗೆ ಜಾರುತ್ತದೆ. ಗಾಡಿ ಚಿಕ್ಕದಾದಷ್ಟೂ ಕಣ್ಣಿಗೆ ಕಾಣದ ಮೂಲೆ ಕಡಿಮೆ. ಅಡುಗೆ ಸಾಮಾನು ಮಾತ್ರ ಹಗುರ ಇರಲಿ. ದಪ್ಪ ಪ್ಲೈವುಡ್ ಕಪಾಟು, ದೊಡ್ಡ ಬ್ಯಾಟರಿ, ಎಪ್ಪತ್ತು ಲೀಟರ್ ನೀರು ಅಂತ ತುಂಬಿಸಿದರೆ ಆಗುಂಬೆಯ ತಿರುವುಗಳಲ್ಲಿ ಪಾಪ, ಆ ಎಂಜಿನ್ ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತದೆ.

ಟೆಂಪೋ ಟ್ರಾವೆಲ್ಲರ್ 1987ರಿಂದ ಇದೆ. ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್‌ನ ಟಿ1 ವ್ಯಾನಿನ ವಿನ್ಯಾಸದ ಮೇಲೆ ಕಟ್ಟಿದ್ದು. ಕಂಪನಿ ಈಗ ಫೋರ್ಸ್ ಮೋಟರ್ಸ್. ಹಳೆಯವುಗಳಲ್ಲಿ ಇರುವುದು ಮರ್ಸಿಡಿಸ್ ಮೂಲದ ಒಎಂ616 ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, 2.4 ಲೀಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಪಂಪ್ ಬಿಚ್ಚಿ ಪರೀಕ್ಷೆಗೆ ಕೂರಿಸಿ ಸರಿಮಾಡಿ ಕೊಡುವವರು ಮಂಗಳೂರಿನಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ. ಬಸ್ಸು, ಟೆಂಪೋ, ದೋಣಿ ಎಲ್ಲದರ ಡೀಸೆಲ್ ಕೆಲಸ ಮಾಡಿ ಪಳಗಿದ ಕೈಗಳು ಅವು. ಎತ್ತರದ ಛಾವಣಿಯ ಗಾಡಿ ಆದರೆ ಒಳಗೆ ನಿಂತೇ ದೋಸೆ ಹೊಯ್ಯಬಹುದು. ನಾಲ್ಕು ಜನರ ಮನೆಯವರಿಗೆ ನಾನು ಹೇಳುವುದು ಇದನ್ನೇ.

ಇದರ ಕಷ್ಟವೂ ಗೊತ್ತಿರಲಿ. ಉದ್ದ ಛಾವಣಿ, ಜಾಸ್ತಿ ಜೋಡಣೆ, ಜಾಸ್ತಿ ಕಿಟಕಿ ರಬ್ಬರು. ಪ್ರತಿ ಕಿಟಕಿಯ ಕೆಳಮೂಲೆಯೂ ನೀರು ನಿಲ್ಲುವ ಜಾಗ. ಹಳದಿ ಬೋರ್ಡ್‌ನಲ್ಲಿ ಬಾಡಿಗೆ ಓಡಿದ ಗಾಡಿಯ ಒಳಗೋಡೆಗೆ ರೆಕ್ಸಿನ್, ಫೋಮ್ ಅಂಟಿಸಿರುತ್ತಾರೆ. ಆ ಫೋಮ್ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಾನು ತಂದ ಮೊದಲ ವಾರವೇ ಎಲ್ಲ ಕಿತ್ತು ಹಾಕಿದೆ. ಹಿಂದಿನ ಮೂಲೆಯಲ್ಲಿ ಅಂಗೈ ಅಗಲದ ತೂತು. ಹೊರಗಿನಿಂದ ನೋಡಿದರೆ ಪೇಂಟ್ ಚೊಕ್ಕವಾಗಿತ್ತು!

ಮೂರನೆಯದು ಫೋಕ್ಸ್‌ವ್ಯಾಗನ್ ಕೊಂಬಿ. ನೋಡಿದವರ ಮನಸ್ಸು ಕರಗಿಸುವ ಗಾಡಿ. ನನಗೂ ಪ್ರೀತಿ. 1950ರಲ್ಲಿ ಜರ್ಮನಿಯಲ್ಲಿ ಶುರುವಾದದ್ದು ಬ್ರೆಜಿಲ್‌ನಲ್ಲಿ 2013ರವರೆಗೂ ತಯಾರಾಗುತ್ತಿತ್ತು. ಹಳೆಯವುಗಳ ಎಂಜಿನ್ ಹಿಂದೆ ಇರುತ್ತದೆ, ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಣಿಯಬೇಕು. ಎಂಜಿನ್ನಿನ ಸುತ್ತಲಿನ ತಗಡಿನ ಹೊದಿಕೆ, ರಬ್ಬರ್ ಸೀಲು ಸರಿ ಇಲ್ಲದಿದ್ದರೆ ಚಾರ್ಮಾಡಿ ಹತ್ತುವಾಗ ಬಿಸಿ ಏರುತ್ತದೆ. ಭಾರತದಲ್ಲಿರುವುದು ಬೆರಳೆಣಿಕೆಯಷ್ಟು. ಸಣ್ಣ ಸಾಮಾನೂ ಹೊರದೇಶದಿಂದ ಬರಬೇಕು. ಶೆಡ್ಡಿನಲ್ಲಿ ಇಟ್ಟು ಒರೆಸಿ, ವರ್ಷಕ್ಕೆ ನಾಲ್ಕು ಸಲ ಕಾಪು ದೀಪಸ್ತಂಭದವರೆಗೆ ಓಡಿಸುತ್ತೇನೆ ಎನ್ನುವವರಿಗೆ ಅದಕ್ಕಿಂತ ಚಂದದ ಗಾಡಿ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹಂಪಿಗೆ ಹೋಗಿ ಬರಬೇಕು ಎನ್ನುವವರಿಗೆ ಬೇಡ.

ಮಹೀಂದ್ರಾ ವಾಯೇಜರ್ ಬಗ್ಗೆಯೂ ಕೆಲವರು ಕೇಳುತ್ತಾರೆ. 1997ರಲ್ಲಿ ಬಂದು ಬೇಗ ನಿಂತುಹೋಯಿತು. ಅದರ ಗಾಜು, ಲೈಟು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ. ಟಾಟಾ ವಿಂಗರ್ 2007ರಿಂದ ಬಂದದ್ದು, ಒಳಗೆ ಜಾಗ ಚೆನ್ನಾಗಿದೆ, ಸಾಮಾನೂ ಸಿಗುತ್ತದೆ. ಟ್ರಾವೆಲ್ಲರ್ ಸಿಗದಿದ್ದರೆ ಅದನ್ನು ನೋಡಬಹುದು.

ಕಾಗದಪತ್ರ

ಗಾಡಿ ಎಷ್ಟೇ ಚೆನ್ನಾಗಿದ್ದರೂ ಆರ್‌ಸಿ ಓದದೆ ಮುಂಗಡ ಕೊಡಬೇಡಿ. ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿಗೆ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 15 ವರ್ಷ ದಾಟಿದ ಲಘು ವಾಹನಕ್ಕೆ 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದವಕ್ಕೆ ಅದನ್ನು 10,000 ಮಾಡಿದರು. ಹಸಿರು ತೆರಿಗೆ ಬೇರೆ. ಟ್ರಾವೆಲ್ಲರ್‌ಗಳು ಹೆಚ್ಚಾಗಿ ಹಳದಿ ಬೋರ್ಡ್‌ನಲ್ಲಿ ಇರುತ್ತವೆ. ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ ಬೇಕು. ಅದನ್ನು ಬಿಳಿ ಬೋರ್ಡ್ ಮಾಡಿಸಲು ಆರ್‌ಟಿಒ ಒಪ್ಪಿಗೆ, ತೆರಿಗೆ ಎಲ್ಲ ಆಗಬೇಕು. ಈ ಕೆಲಸ ಮುಗಿಸಿಕೊಟ್ಟರೆ ಮಾತ್ರ ಕೊಳ್ಳುತ್ತೇನೆ ಅಂತ ಮಾರುವವರಿಗೆ ಮೊದಲೇ ಹೇಳಿಬಿಡಿ.

ಸೀಟು ಕಿತ್ತು ಮಂಚ ಹಾಕುವುದು, ಛಾವಣಿ ಎತ್ತರಿಸುವುದು, ಎಂಜಿನ್ ಬದಲಿಸುವುದು, ಇವೆಲ್ಲ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಅಡಿ ಬರುತ್ತವೆ. ಮೊದಲೇ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸದಿದ್ದರೆ ಅಪಘಾತದ ದಿನ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಕೊಂಬಿ ಕನಸಿನವರಿಗೆ ಇನ್ನೊಂದು ಮಾತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ವಿಎ ಅನ್ನುವ ಗುರುತು. ಆದರೆ ಗಾಡಿಯ ಚಾಸಿ, ಮೈ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಂಥದ್ದಕ್ಕೆ ಮಾತ್ರ. ಊರೂರು ಸುತ್ತುವ ಮನೆ ಬೇಕಾದವರಿಗೆ ಈ ದಾರಿ ಹೊಂದುವುದಿಲ್ಲ.

ಛಾವಣಿ: ತಗಡು, ಅಲ್ಯುಮಿನಿಯಂ, ಫೈಬರ್

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹಳೆ ವ್ಯಾನಿನ ಆಯುಷ್ಯ ತೀರ್ಮಾನ ಆಗುವುದು ಇಲ್ಲಿಯೇ.

ಅಮೆರಿಕದ ಜಿಎಂಸಿ ಕಂಪನಿ 1973ರಿಂದ 1978ರವರೆಗೆ ಒಂದು ಮೋಟರ್‌ಹೋಮ್ ಮಾಡಿತು. ಒಟ್ಟು ಸುಮಾರು 13,000 ಗಾಡಿ. ಶುರುವಿನಲ್ಲಿ 7.5 ಲೀಟರ್‌ನ ದೊಡ್ಡ ಪೆಟ್ರೋಲ್ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ. ಅರ್ಧ ಶತಮಾನ ದಾಟಿದರೂ ಅವುಗಳಲ್ಲಿ ಎಷ್ಟೋ ಇಂದಿಗೂ ರಸ್ತೆಯಲ್ಲಿವೆ. ಅವುಗಳ ಹೊರಮೈ ಅಲ್ಯುಮಿನಿಯಂ ಮತ್ತು ಫೈಬರ್‌ಗ್ಲಾಸಿನದ್ದು. ಅದೇ ಕಾಲದಲ್ಲಿ ಮರದ ಚೌಕಟ್ಟಿನ ಮೇಲೆ ತೆಳು ಹೊದಿಕೆ ಬಡಿದು ಮಾಡಿದ ಮೋಟರ್‌ಹೋಮ್‌ಗಳಲ್ಲಿ ಎಷ್ಟೋ, ಛಾವಣಿಯ ಒಂದು ಸಣ್ಣ ಬಿರುಕಿನಿಂದ ನೀರು ಇಳಿದು, ಒಳಗಿನ ಮರ ಕೊಳೆತು ಗುಜರಿ ಸೇರಿದವು.

ನಮ್ಮ ಗಾಡಿಗಳ ಛಾವಣಿ ಉಕ್ಕಿನ ತಗಡು. ತೂತು ಬಿದ್ದಾಗ ಮೂರು ದಾರಿ.

ಹೊಸ ತಗಡು ಬೆಸುಗೆ ಹಾಕಿಸುವುದು ಮೊದಲನೆಯದು. ಟಿಂಕರಿಂಗ್ ಚೆನ್ನಾಗಿ ಗೊತ್ತಿರುವ ಮೇಸ್ತ್ರಿ ಸಿಕ್ಕಿದರೆ ಇದೇ ಒಳ್ಳೆಯದು. ಆದರೆ ಬೆಸುಗೆಯ ಕಾವಿಗೆ ಒಳಬದಿಯ ಪೇಂಟ್ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಪ್ರೈಮರ್ ಹೊಡೆಯುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ತೂತು ಹಳೆ ತೂತಿನ ಪಕ್ಕದಲ್ಲೇ ಬರುತ್ತದೆ.

ಅಲ್ಯುಮಿನಿಯಂ ಶೀಟ್ ರಿವೆಟ್ ಹೊಡೆಸುವುದು ಎರಡನೆಯದು. ಬಸ್ ಬಾಡಿ ಕಟ್ಟುವವರು ಒಂದು ದಿನದಲ್ಲಿ ಮುಗಿಸಿ ಕೊಡುತ್ತಾರೆ. ಹಗುರ, ತುಕ್ಕಿನ ಭಯ ಇಲ್ಲ ಅನ್ನಿಸುತ್ತದೆ. ಆದರೆ ಅಲ್ಯುಮಿನಿಯಂ ಮತ್ತು ಉಕ್ಕು ಒಂದನ್ನೊಂದು ತಾಗಿ, ನಡುವೆ ಉಪ್ಪು ನೀರು ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಘಟ್ಟದ ಮೇಲೆ ನಿಧಾನವಾಗಿ ಆಗುವುದು ಇಲ್ಲಿ ಬೇಗ ಆಗುತ್ತದೆ. ಮಾಡಿಸುವುದೇ ಆದರೆ ಎರಡರ ನಡುವೆ ಪೂರ್ತಿ ಸೀಲಂಟ್ (ಸಂದಿ ಮುಚ್ಚುವ ಅಂಟು) ಇಲ್ಲವೇ ಟೇಪ್ ಇರಲೇಬೇಕು.

ಮೂರನೆಯದು ಫೈಬರ್. ಈ ವಿಷಯದಲ್ಲಿ ನಾವು ಕರಾವಳಿಯವರು ಪುಣ್ಯವಂತರು. ಮಲ್ಪೆಯಲ್ಲಿ, ಮಂಗಳೂರಿನ ಬಂದರಿನ ಕಡೆ ದೋಣಿಗೆ ಫೈಬರ್ ಹಾಕುವವರ ಕೈಗುಣ ಬೇರೆ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಗಲೂರಾತ್ರಿ ಕಡಲಿನಲ್ಲಿ ಇರುವ ದೋಣಿಗೆ ನೀರು ಬಾರದ ಹಾಗೆ ಮಾಡುವವರಿಗೆ ವ್ಯಾನಿನ ಛಾವಣಿ ಯಾವ ಲೆಕ್ಕ? ಒಂದೇ ಎಚ್ಚರಿಕೆ. ತುಕ್ಕು ಹಿಡಿದ ತಗಡಿನ ಮೇಲೆ ನೇರವಾಗಿ ರೆಸಿನ್, ಅಂದರೆ ಫೈಬರನ್ನು ಗಟ್ಟಿ ಮಾಡುವ ದ್ರವ, ಬಳಿಸಬೇಡಿ. ಅದು ಅಂಟಿಕೊಂಡಂತೆ ಕಾಣುತ್ತದೆ. ಒಂದು ವರ್ಷದಲ್ಲಿ ಅಂಚು ಬಿಟ್ಟು ಒಳಗೆ ನೀರು ಸೇರುತ್ತದೆ. ಆಮೇಲೆ ಕಾಣದ ಹಾಗೆ ಕೊಳೆಯುತ್ತದೆ. ಫೈಬರ್ ಛಾವಣಿಯನ್ನು ಬೇರೆಯಾಗಿ ಅಚ್ಚಿನಲ್ಲಿ ಮಾಡಿಸಿ, ಗಟ್ಟಿ ತಗಡು ಇರುವ ಅಂಚಿಗೆ ಪಾಲಿಯುರೆಥೇನ್ ಸೀಲಂಟ್ ಹಾಕಿ ಕೂರಿಸಬೇಕು. ನನ್ನದು 2012ರಲ್ಲಿ ಕೂರಿಸಿದ್ದು. ಇವತ್ತಿನವರೆಗೆ ಹಾಸಿಗೆಯ ಮೇಲೆ ಒಂದು ಹನಿ ಬಿದ್ದಿಲ್ಲ.

ಕಾಲ ನೋಡಿ ಹೋಗಿ. ಮೀನುಗಾರಿಕೆ ನಿಷೇಧ ಇರುವ ಜೂನ್, ಜುಲೈ 61 ದಿನ ದೋಣಿಗಳೆಲ್ಲ ದಡದಲ್ಲಿ ಇರುತ್ತವೆ. ಕೆಲಸದವರಿಗೆ ಆಗ ಪುರುಸೊತ್ತು ಇಲ್ಲ. ತೇವದ ಗಾಳಿಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಮಾಡಿಸಿ.

ಸೀಲಂಟ್ ಅಂದಾಗ ನೆನಪಾಯಿತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಒಣಗುವಾಗ ಅದು ಬಿಡುವ ಆಮ್ಲ ತಗಡನ್ನೇ ತಿನ್ನುತ್ತದೆ. ಸೋಲಾರ್ ಪ್ಯಾನೆಲ್‌ಗೆ, ಫ್ಯಾನಿಗೆ ಅಂತ ಛಾವಣಿಯಲ್ಲಿ ಸುಮ್ನೆ ತೂತು ಕೊರೆಸಬೇಡಿ. ಅಂಟಿಸಬಹುದಾದ್ದನ್ನು ಅಂಟಿಸಿ.

ಗಾಡಿಯ ಅಡಿಭಾಗ

2009ರಲ್ಲಿ ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಯ ಅಡಿಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದೆ. ನೋಡಲು ಹೊಸ ಗಾಡಿಯ ಹಾಗೆ ಆಯಿತು. ಅವರು ಹಳೆ ತುಕ್ಕು ಕೆರೆದಿರಲಿಲ್ಲ, ಒಣಗಿಸಿಯೂ ಇರಲಿಲ್ಲ. ಎರಡು ವರ್ಷದ ಮೇಲೆ ಜಾಕ್ ಕೊಟ್ಟಾಗ ಜಾಕ್ ಪಟ್ಟಿಯೊಳಗೇ ಹೊಕ್ಕಿತು. ಕೋಟಿಂಗ್ ಹಾಗೇ ಹಾಳೆಯಾಗಿ ಎದ್ದು ಬಂತು. ಅದರ ಹಿಂದೆ ಕಬ್ಬಿಣವೇ ಇರಲಿಲ್ಲ. ಅವತ್ತು ನನಗಾದ ಸಂಕಟ ಇನ್ನೂ ನೆನಪಿದೆ.

ಹಾಗಾಗಿ ಹಳೆ ಗಾಡಿಗೆ ರಬ್ಬರ್ ಕೋಟಿಂಗ್ ಬೇಡ ಅನ್ನುತ್ತೇನೆ. ಹೊಸ, ಒಣ ತಗಡಿಗೆ ಅದು ಸರಿ. ಹಳೆಯದಕ್ಕೆ ಮೇಣ ಇಲ್ಲವೇ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಸೇರಿದ ತೆಳು ತುಕ್ಕುನಿರೋಧಕ ಒಳ್ಳೆಯದು. ಅದು ಸಂದಿಗೆ ಇಳಿಯುತ್ತದೆ, ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಪ್ರತಿ ವರ್ಷ ಹೊಡೆಯಬೇಕು, ನಿಜ. ಒಂದು ಬೆಳಗಿನ ಕೆಲಸ. ಪೆಟ್ಟಿಗೆಯಂಥ ಭಾಗಗಳ ಒಳಗೂ ಉದ್ದ ನಳಿಕೆಯಲ್ಲಿ ಹೊಡೆಯಿರಿ. ನೀರು ಇಳಿಯುವ ತೂತುಗಳನ್ನು ಮೊದಲು ತಂತಿಯಿಂದ ಬಿಡಿಸಿಕೊಳ್ಳಿ. ನಮ್ಮ ಕೆಂಪು ಮಣ್ಣು ಅವನ್ನು ಗಟ್ಟಿಯಾಗಿ ಮುಚ್ಚಿಬಿಟ್ಟಿರುತ್ತದೆ.

ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಮಾಡಬೇಡಿ. ಬುಷ್‌ಗಳ ರಬ್ಬರ್ ಊದಿ ಹಾಳಾಗುತ್ತದೆ, ಅಂಗಳಕ್ಕೆ ತೊಟ್ಟಿಕ್ಕಿ ಬಾವಿ ನೀರಿಗೂ ಇಳಿಯುತ್ತದೆ. ದೋಣಿಯ ಮರಕ್ಕೆ ಬಳಿಯುವ ಗೇರು ಎಣ್ಣೆಯನ್ನು ಹಚ್ಚಬಹುದಾ ಅಂತಲೂ ಕೇಳುತ್ತಾರೆ. ಅದು ಮರದ ಮದ್ದು, ಕೈಗೆ ತಾಗಿದರೆ ಬೊಕ್ಕೆ ಬರುತ್ತದೆ. ಅದೇ ಗೇರು ಸಿಪ್ಪೆಯ ಎಣ್ಣೆಯಿಂದ ಮಾಡಿದ ಪುಡಿಯನ್ನು ಬ್ರೇಕ್ ಲೈನಿಂಗ್ ತಯಾರಿಕೆಯಲ್ಲಿ ಬಳಸುತ್ತಾರೆ. ನಮ್ಮ ಗೇರು ಘಟ್ಟ ಇಳಿಯುವಾಗ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿರಬಹುದು ಅಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಪತ್ತನಾಜೆಯ ಒಳಗೆ

ಮಳೆಗಾಲದ ತಯಾರಿಗೆ ನನ್ನ ಗಡು ಪತ್ತನಾಜೆ, ತುಳುವರ ಬೇಶ ತಿಂಗಳ ಹತ್ತನೇ ದಿನ. ಮೇ 24ರ ಹೊತ್ತಿಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ನಾನೂ ಗಾಡಿಯನ್ನು ಶೆಡ್ಡಿಗೆ ಹಾಕುತ್ತೇನೆ. ಅಡಿಭಾಗ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕುನಿರೋಧಕ ಹೊಡೆದು, ಹಾಸಿಗೆಯನ್ನು ಮನೆಯೊಳಗೆ ತಂದಿಟ್ಟ ಮೇಲೆ.

ಶೆಡ್ಡೋ, ಟಾರ್ಪಾಲೋ? ಟಾರ್ಪಾಲನ್ನು ಮೈಗೆ ಅಂಟುವಂತೆ ಹೊದಿಸುವುದಕ್ಕಿಂತ ಬಯಲಿನಲ್ಲಿ ಮಳೆಗೆ ನಿಲ್ಲಿಸುವುದೇ ವಾಸಿ. ಅದರ ಅಡಿ ಹಬೆ ಕಟ್ಟಿ ಗಾಡಿ ನಾಲ್ಕು ತಿಂಗಳು ಬೆವರುತ್ತದೆ. ನಾಲ್ಕೂ ಕಡೆ ತೆರೆದ ಶೀಟಿನ ಮಾಡು ಸಾಕು. ಪಡುವಣ ಗಾಳಿ ಬರುವ ಕಡೆಗೆ ಮಾತ್ರ ತೆಂಗಿನ ಮಡಲಿನ ತಟ್ಟಿ ಕಟ್ಟಿ. ನೆಲ ಮಣ್ಣಿನದ್ದಾದರೆ ಜಲ್ಲಿ ಹರಡಿ. ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ದಿನ ನೋಡಿ, ಅರ್ಧ ಗಂಟೆ ಓಡಿಸಿ ಬನ್ನಿ. ನಿಂತಲ್ಲೇ ಎಂಜಿನ್ ಓಡಿಸಿದರೆ ಬ್ರೇಕ್ ಹಿಡಿದುಕೊಂಡಿದ್ದು ಬಿಡುವುದಿಲ್ಲ, ಸೈಲೆನ್ಸರ್ ಒಳಗಿನ ನೀರು ಆರುವುದಿಲ್ಲ.

ಉಳಿದದ್ದು

ಎಂಜಿನ್ ಬದಲಿಸುವುದೋ, ಇದ್ದದ್ದನ್ನೇ ಕಟ್ಟಿಸುವುದೋ ಅಂದರೆ ಕಟ್ಟಿಸಿ. ಬೇರೆ ಎಂಜಿನ್ ಅಂದರೆ ಆರ್‌ಸಿ ತಿದ್ದುಪಡಿ, ಬೇರೆ ಮೌಂಟಿಂಗ್, ಬೇರೆ ರೇಡಿಯೇಟರ್. ಕೆಲಸಕ್ಕೆ ಕೊನೆ ಇಲ್ಲ.

ಟಯರಿನ ಗೆರೆ ನೋಡಿ ಮೋಸ ಹೋಗಬೇಡಿ. ಕ್ಯಾಂಪರ್ ವ್ಯಾನ್ ಓಡುವುದು ಕಡಿಮೆ, ನಿಲ್ಲುವುದು ಜಾಸ್ತಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಏಳು ವರ್ಷ ದಾಟಿದ್ದನ್ನು ನಾನು ಗೆರೆ ಎಷ್ಟಿದ್ದರೂ ಬದಲಿಸುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ನೀರು ಸೇರಿದ ಆಯಿಲ್ ಶಿರಾಡಿ ಇಳಿಯುವಾಗ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಒಳಗಿನ ಕಪಾಟಿಗೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್ ತನ್ನಿ. ಕಡಿದ ಅಂಚಿಗೆಲ್ಲ ವಾರ್ನಿಷ್ ಕುಡಿಸಿ. ಗ್ಯಾಸ್ ಸಿಲಿಂಡರ್ ಇಟ್ಟ ಕಡೆ ನೆಲದ ಮಟ್ಟದಲ್ಲಿ ಹೊರಗೆ ಗಾಳಿ ಹೋಗುವ ಕಿಂಡಿ ಇರಲಿ. ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಕಿಟಕಿ ತೆರೆದಿಟ್ಟರೂ ಹೋಗುವುದಿಲ್ಲ.

ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಮೊದಲ ವರ್ಷ ಬ್ರೇಕ್, ಟಯರ್, ಛಾವಣಿಗೆ ಹಾಕಿ. ಎರಡನೇ ವರ್ಷ ಅಡಿಭಾಗದ ತಗಡು, ಕಿಟಕಿಯ ರಬ್ಬರು. ಮಂಚ, ಒಲೆ, ಸೋಲಾರ್ ಎಲ್ಲ ಮೂರನೇ ವರ್ಷ. ಅಲ್ಲಿಯವರೆಗೆ ನೆಲದ ಮೇಲೆ ಚಾಪೆ ಹಾಸಿ ಮಲಗಿ. ನಾವು ಎರಡು ವರ್ಷ ಹಾಗೇ ಮಲಗಿದ್ದೆವು. ಬೆಳಿಗ್ಗೆ ಚಾಪೆ ಎತ್ತಿದಾಗಲೆಲ್ಲ ನೆಲ ಒದ್ದೆ ಇದೆಯಾ ಅಂತ ಕೈಯಾಡಿಸಿ ನೋಡುತ್ತಿದ್ದೆ. ಹಿಂದಿನ ಎಡ ಕಿಟಕಿ ಸೋರುವುದು ಗೊತ್ತಾದದ್ದು ಹಾಗೆಯೇ.